ದೇಗಾಂವದ ದಾರಿ: ಪ್ರವಾಸ ವ್ಯವಸ್ಥೆಯ ಏಕೀಕರಣವನ್ನು ಕುರಿತು ಒಂದು ಐತಿಹಾಸಿಕ ವಿಚಾರ

ಕಿತ್ತೂರಿಗೆ ಅತಿ ಸಮೀಪದ ದೇಗಾಂವದಲ್ಲಿರುವ ಕಮಲನಾರಾಯಣ ದೇವಾಲಯವು ಕರ್ನಾಟಕದ ವಾಸ್ತುಶಿಲ್ಪವನ್ನು ಅಭ್ಯಸಿಸುವವರಿಗೆ ಸುಪರಿಚಿತವಾದುದು. ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿದೇವನ ರಾಣಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ದೇಗಂವೆಯೆಂಬ ಹೆಸರಿನಿಂದ ಈ ಊರನ್ನು ಕರೆಯುವ ಅಲ್ಲಿಯ ಶಾಸನಪಾಠವು ಕನ್ನಡ ಹಾಗೂ ನಾಗರಿ ಲಿಪಿಗಳೆರಡರಲ್ಲಿಯೂ ದೊರೆಯುತ್ತದೆ. ಎರಡು ಲಿಪಿಗಳನ್ನು ಬಲ್ಲ ಓದುಗರು ಬಂದುಹೋಗುತ್ತಿದ್ದ ಊರು ಇದಾಗಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಅಂತಹ ಊರಿಗೆ ಇಂದು ಬರಬಯಸುವವನು ಹೇಗೆ ಬರುತ್ತಾನೆ? ದಾರಿಯನ್ನು ಹುಡುಕುವುದು, ಆಸನವನ್ನು ಕಾಯ್ದಿರಿಸುವುದು, ಹಣ ಸಲ್ಲಿಸುವುದು ಇವೆಲ್ಲವನ್ನೂ ಒಂದೇ ಆ್ಯಪಿನಲ್ಲಿ ಮಾಡಿ ಮುಗಿಸಬಹುದೆಂಬ ಮಾತು ಈಗ ಸಾಮಾನ್ಯವಾಗಿರುವುದರಿಂದ ಈ ಪ್ರಶ್ನೆಯನ್ನೆತ್ತಬೇಕಾಯಿತು.

ಪ್ರಯಾಣದ ಅಂಗಗಳೆಲ್ಲವನ್ನೂ ಒಂದೇ ಕೈಗೆ ತರುವ ಯತ್ನ ಹೊಸದಲ್ಲ. ಇಂಗ್ಲೆಂಡಿನ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋವಿಗೆ ಸುಮಾರು ಐದು ನೂರು ಜನರನ್ನು ತಲಾ ಒಂದು ಶಿಲಿಂಗಿಗೆ ರೈಲಿನಲ್ಲಿ ಕರೆದೊಯ್ದನು. ಮುಂದೆ ಅವನ ಸಂಸ್ಥೆಯು ವಸತಿಗೃಹದ ಚೀಟಿಗಳನ್ನೂ ಪರದೇಶಗಳಲ್ಲಿ ನಗದಾಗುವ ಹಣಪತ್ರಗಳನ್ನೂ ಹೊರಡಿಸಿತು. ಸಾಗಣೆ, ವಸತಿ, ಹಣ ಈ ಮೂರೂ ಹೀಗೆ ಒಂದೆಡೆ ಕೂಡಿದವು.

ನಮ್ಮ ನಾಡಿನಲ್ಲಿ ಇದರ ಪೂರ್ವರೂಪವನ್ನು ಹುಡುಕುವವರು ಕದಂಬರ ಕಾಲಕ್ಕೇ ಹೋಗಬಹುದು. ಗೋವೆಯ ಕದಂಬರ ಹನ್ನೊಂದನೆಯ ಶತಮಾನದ ತಾಮ್ರಪಟಗಳಲ್ಲಿ, ಅರಬ ವರ್ತಕನೊಬ್ಬನ ಮೊಮ್ಮಗನು ನಡೆಸಿದ ಧರ್ಮಕಾರ್ಯದ ವೆಚ್ಚಕ್ಕೆ ಬಂದರಿಗೆ ಬರುವ ಹಡಗುಗಳ ಸುಂಕದಿಂದ ಏರ್ಪಾಡು ಮಾಡಿದ ಉಲ್ಲೇಖವಿದೆ. ವರ್ತಕನ ಹಡಗಿನಿಂದ ಬಂದ ಸುಂಕವೇ ಧರ್ಮಕ್ಕೆ ಸಲ್ಲುತ್ತಿತ್ತು. ಇಲ್ಲಿ ಗಮನಿಸಬೇಕಾದುದು ಒಂದು: ಯಾರು ಕೊಡಬೇಕು, ಅದು ಯಾವುದಕ್ಕೆ ಸಲ್ಲಬೇಕು ಎಂಬುದನ್ನು ಬಹಿರಂಗವಾಗಿ ಲೋಹದ ಮೇಲೆ ಬರೆದಿಟ್ಟರು.

ಆಧುನಿಕ ಕಾಲದಲ್ಲಿ ಈ ಪ್ರದೇಶದ ಪ್ರಯಾಣವನ್ನು ನಿರ್ಣಯಿಸಿದ್ದು ರೈಲು ದಾರಿ. 1880ರ ದಶಕದಲ್ಲಿ ಹಾಕಿದ ಹಳಿಗಳು ಧಾರವಾಡದಿಂದ ಅಳ್ನಾವರ, ಲೋಂಡಾ, ಖಾನಾಪುರಗಳ ಮೂಲಕ ಬೆಳಗಾವಿಗೆ ಸಾಗಿದವು. ಕಿತ್ತೂರು ಬದಿಗೆ ಉಳಿಯಿತು. ಕಿತ್ತೂರಿನ ಮೂಲಕ ಧಾರವಾಡ-ಬೆಳಗಾವಿ ನೇರ ಮಾರ್ಗದ ಯೋಜನೆಗೆ ಇತ್ತೀಚಿನ ವರ್ಷಗಳಲ್ಲಷ್ಟೇ ಮಂಜೂರಾತಿ ದೊರೆಯಿತು. ಹೀಗಾಗಿ ಇಲ್ಲಿಯ ಜನರ ಪ್ರಯಾಣದ ಕೇಂದ್ರ ಇಂದಿಗೂ ಬಸ್ ನಿಲ್ದಾಣವೇ.

ಬಸ್ಸಿನ ವ್ಯವಹಾರದಲ್ಲಿ ಏಕೀಕರಣದ ಕಥೆ ಬೆಂಗಳೂರಿನಲ್ಲಿ ಆರಂಭವಾಯಿತು. 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಸ್ಥಳ ದೊರೆಯದೆ ತೊಂದರೆಗೊಳಗಾದ ಫಣೀಂದ್ರ ಸಮ ಎಂಬ ತರುಣ ಎಂಜಿನಿಯರರು ಗೆಳೆಯರೊಂದಿಗೆ ಕೂಡಿ 2006ರಲ್ಲಿ ರೆಡ್‌ಬಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ಕಂಡುಕೊಂಡ ದೋಷವು ಬಸ್ಸುಗಳ ಅಭಾವವಾಗಿರಲಿಲ್ಲ. ಒಬ್ಬ ಏಜಂಟನಿಗೆ ಮತ್ತೊಬ್ಬನ ಬಳಿಯ ಖಾಲಿ ಆಸನದ ಅರಿವಿಲ್ಲದಿರುವುದೇ ಆಗಿತ್ತು. ರೈಲ್ವೆಯ ಐಆರ್‌ಸಿಟಿಸಿಯು 2002ರಲ್ಲಿಯೇ ಅಂತರ್ಜಾಲದ ಮೂಲಕ ಟಿಕೆಟ್ ಮಾರತೊಡಗಿತ್ತು. ಮೊದಮೊದಲು ಮುದ್ರಿತ ಚೀಟಿ ಕೊರಿಯರಿನಲ್ಲಿ ಮನೆಗೆ ಬರುತ್ತಿದ್ದುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಾರರು! 2016ರಲ್ಲಿ ಬಂದ ಯುಪಿಐ ಹಣಸಂದಾಯವನ್ನು ಸುಲಭಗೊಳಿಸಿತು. 2025ರ ಜುಲೈ 1ರಂದು ಬಿಡುಗಡೆಯಾದ ರೈಲ್‌ಒನ್ ಆ್ಯಪ್ ಕಾಯ್ದಿರಿಸಿದ ಟಿಕೆಟ್, ಕಾಯ್ದಿರಿಸದ ಟಿಕೆಟ್, ಗಾಡಿಯ ಸ್ಥಿತಿಗತಿ, ಊಟ ಇವುಗಳನ್ನು ಒಂದುಗೂಡಿಸಿದೆ.

ಇಷ್ಟಾದರೂ ಬೆಂಗಳೂರಿನಿಂದ ಹೊರಟವನ ಏಕೀಕೃತ ಪ್ರಯಾಣವು ಧಾರವಾಡದಲ್ಲಿಯೋ, ಹೆಚ್ಚೆಂದರೆ ಹೆದ್ದಾರಿಯ ಮೇಲಿನ ಕಿತ್ತೂರಿನಲ್ಲಿಯೋ ನಿಲ್ಲುತ್ತದೆ. ಅಲ್ಲಿಂದ ಮುಂದೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು, ಟಂಟಂ, ಅಥವಾ ಪರಿಚಿತರ ಮೋಟಾರ್ ಸೈಕಲ್ಲು. ‘ದೇಗಾಂವಕ್ಕ ಬಸ್ ಎಷ್ಟಕ್ಕ ಐತ್ರಿ?’ ಎಂಬ ಪ್ರಶ್ನೆಗೆ ಚಹದ ಅಂಗಡಿಯವನು ಕೊಡುವ ಉತ್ತರವೇ ಇಲ್ಲಿಯ ವೇಳಾಪತ್ರಿಕೆ. ಇದನ್ನು ಹಿಂದುಳಿದಿರುವಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆಸನವು ಮುಂಗಡವಾಗಿ ಮಾರಾಟವಾಗುವಲ್ಲಿ ಮಾತ್ರ ಆ್ಯಪಿಗೆ ಕೆಲಸವುಂಟು. ಹಾಲು ಹಾಕಿ ಬರುವವನಿಗೆ, ಶಾಲೆಗೆ ಹೋಗುವ ಹುಡುಗಿಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೊರಟ ಮನೆಮಂದಿಗೆ ಕಾಯ್ದಿರಿಸುವ ಪ್ರಸಂಗವೇ ಬರುವುದಿಲ್ಲ.

ಇತಿಹಾಸದ ಅಭ್ಯಾಸಿಗಳಿಗೆ ಮುಖ್ಯವಾದ ಸಂಗತಿ ಇದಕ್ಕಿಂತ ಮುಂದಿದೆ. ಆ್ಯಪಿನಲ್ಲಿ ನಡೆದ ಪ್ರಯಾಣವು ಅದನ್ನು ನಡೆಸುವ ಸಂಸ್ಥೆಯ ದಾಖಲೆಯಲ್ಲಿ ಉಳಿಯುತ್ತದೆ, ಆದರೆ ಅದು ಖಾಸಗಿ ಸ್ವತ್ತು. ತಾಮ್ರಪಟದಂತೆ ಎಲ್ಲರೂ ಓದಬಹುದಾದುದಲ್ಲ. ಆ್ಯಪಿನ ಹೊರಗೆ ನಡೆದ ಪ್ರಯಾಣದ ಕುರುಹು ಇನ್ನೂ ದುರ್ಬಲವಾದುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಕರ್ನಾಟಕದ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಶೂನ್ಯ ಟಿಕೆಟ್ ಪಡೆದು ಪ್ರಯಾಣಿಸುತ್ತಿದ್ದಾರೆ. ಈ ಸೀಮೆಯ ಸ್ತ್ರೀಯರ ಸಂಚಾರದ ಇತಿಹಾಸದಲ್ಲಿ ಇದು ಯಾವ ಆ್ಯಪಿಗಿಂತಲೂ ದೊಡ್ಡ ಘಟನೆಯೆಂದು ನಮ್ಮ ಅಭಿಪ್ರಾಯ. ಎಷ್ಟು ಟಿಕೆಟ್ ಕೊಟ್ಟರೆಂಬ ಲೆಕ್ಕ ಸಾರಿಗೆ ಸಂಸ್ಥೆಗಳಲ್ಲಿದೆ. ಆದರೆ ತವರಿಗೋ, ಸಂತೆಗೋ, ಆಸ್ಪತ್ರೆಗೋ ಎಂಬುದು ಆ ಲೆಕ್ಕದಲ್ಲಿಲ್ಲ. ಯಂತ್ರದಿಂದ ಹೊರಬರುವ ಆ ಚೀಟಿಯ ಅಕ್ಷರಗಳಾದರೋ ಕೆಲವು ತಿಂಗಳಲ್ಲಿ ಮಾಸಿಹೋಗುತ್ತವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ತಮ್ಮ ತಾಯಂದಿರನ್ನೂ ಅಜ್ಜಿಯಂದಿರನ್ನೂ ಕೇಳಿ, ಅವರು ಎಲ್ಲಿಗೆ ಹೋಗುತ್ತಿದ್ದರು, ಚಕ್ಕಡಿಯಲ್ಲಿಯೋ ಬಸ್ಸಿನಲ್ಲಿಯೋ, ಬುತ್ತಿಯಲ್ಲಿ ಏನಿರುತ್ತಿತ್ತು, ಹಣ ಯಾರ ಕೈಯಲ್ಲಿರುತ್ತಿತ್ತು ಎಂಬುದನ್ನು ಈಗಲೇ ಬರೆದಿಡಬೇಕು. ದೇಗಾಂವದ ಬಸ್ಸಿನಿಂದಲೇ ಈ ಕೆಲಸವನ್ನು ಆರಂಭಿಸಬಹುದು.