ಸಿಪಾಯಿಯ ಉಣ್ಣೆಯ ಕೋಟು

ಕುಂದಾಪುರದಲ್ಲಿ ಪಂಚಗಂಗಾವಳಿಯ ದಡದಲ್ಲಿ ನಿಂತು ಮೂಡು ದಿಕ್ಕಿನ ಘಟ್ಟವನ್ನು ನೋಡಿದಾಗಲೆಲ್ಲ, ಅದನ್ನು ಉಣ್ಣೆಯ ಕೋಟು ತೊಟ್ಟು ಹತ್ತಿದವರ ನೆನಪು ನನಗಾಗುತ್ತದೆ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಾಟಿಯನ್ನೇರಿ, ಬಿದನೂರನ್ನು, ಎಂದರೆ ಇಂದಿನ ನಗರವನ್ನು, ವಶಪಡಿಸಿಕೊಂಡಿತು. ಗೋರಾ ಸೈನಿಕರಿಗೂ ಕಂಪೆನಿಯ ದೇಶೀ ಸಿಪಾಯಿಗಳಿಗೂ ಸಮವಸ್ತ್ರ ಕೆಂಪು ಉಣ್ಣೆಯ ಕೋಟು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮಂಗಳೂರಿಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ. ಕರಾವಳಿಯ ಮೇ ತಿಂಗಳ ಸೆಕೆಯನ್ನು ನಿಮಗೆ ಬಣ್ಣಿಸಬೇಕಾಗಿಲ್ಲ.

ಸೆಕೆಯಲ್ಲಿ ಉಣ್ಣೆಯೇಕೆ? ದಡ್ಡತನವೆಂದು ನಕ್ಕುಬಿಡಬಹುದು. ಆದರೆ ಕಂಬಳಿಕೊಪ್ಪೆ ಹಾಕಿಕೊಂಡು ಆಷಾಢದ ಮಳೆಯಲ್ಲಿ ಗದ್ದೆಗಿಳಿಯುತ್ತಿದ್ದ ನಮ್ಮ ರೈತ ಉಣ್ಣೆಯ ಗುಣ ಬಲ್ಲ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡರೂ ಅದು ಒದ್ದೆಯೆನಿಸದು. ಬಂದೂಕಿನ ಮದ್ದಿನಿಂದ ಸಿಡಿದ ಕಿಡಿಗೆ ಹತ್ತಿ ಉರಿಯುತ್ತದೆ, ಉಣ್ಣೆ ಕಮರುತ್ತದೆಯಷ್ಟೆ. ಹಗಲು ತೊಟ್ಟ ಕೋಟೇ ಇರುಳಿನ ಚಳಿಗೆ ಹೊದಿಕೆ. ಹೊಗೆ ಕವಿದ ರಣರಂಗದಲ್ಲಿ ಅದರ ಕೆಂಪಿನಿಂದಲೇ ತಮ್ಮವರ ಗುರುತು.

ಇಷ್ಟೇ ಕಾರಣವಾಗಿದ್ದರೆ ಟಿಪ್ಪುವಿನ ಕಾಲಾಳುಗಳೂ ಉಣ್ಣೆಯನ್ನೇ ತೊಡಬೇಕಿತ್ತು. ಅವರ ಬಂದೂಕೂ ಕಿಡಿಯುಗುಳುತ್ತಿತ್ತು. ಆದರೂ ಅವರು ತೊಟ್ಟದ್ದು ಹುಲಿಪಟ್ಟೆಯ ಹತ್ತಿಯ ಅಂಗಿ. ಆದ್ದರಿಂದ ನಿಜವಾದ ಕಾರಣವನ್ನು ಇಂಗ್ಲೆಂಡಿನ ಕುರಿಹಟ್ಟಿಗಳಲ್ಲಿ, ಮಗ್ಗಗಳಲ್ಲಿ ಹುಡುಕಬೇಕು. ಹೆಣಕ್ಕೂ ಉಣ್ಣೆಯ ಬಟ್ಟೆಯನ್ನೇ ಹೊದಿಸಿ ಹೂಳಬೇಕೆಂದು 1666ರಲ್ಲಿ ಶಾಸನ ಮಾಡಿದ ದೇಶವದು. ಅಚ್ಚುಹಾಕಿದ ಹತ್ತಿಬಟ್ಟೆಯನ್ನು ಉಡಬಾರದೆಂದು 1721ರಲ್ಲಿ ಇನ್ನೊಂದು ಶಾಸನ. ಸತ್ತವರನ್ನೇ ಬಿಡದ ಉಣ್ಣೆ, ಬದುಕಿರುವ ಸಿಪಾಯಿಯನ್ನು ಬಿಟ್ಟೀತೆ?

ನಮ್ಮ ಮೆಣಸನ್ನೂ ಬಟ್ಟೆಯನ್ನೂ ಕೊಳ್ಳಲು ಬಂದ ಕಂಪೆನಿಗೆ ತನ್ನ ನಾಡಿನ ಉಣ್ಣೆಯನ್ನು ಇಲ್ಲಿ ಮಾರುವ ಹೊಣೆಯೂ ಇತ್ತು. ಸೆಕೆಯ ನಾಡಿನಲ್ಲಿ ಅದಕ್ಕೆ ಗಿರಾಕಿಗಳು ಕಡಿಮೆ. ಸಿಪಾಯಿ ಮಾತ್ರ ಬೇಡವೆನ್ನಲಾರದ ಗಿರಾಕಿ. ಗೋರಾ ಸೈನಿಕನ ಬಟ್ಟೆಯ ಹಣವನ್ನಂತೂ ಅವನ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು.

ಹತ್ತಿಯ ಖಾಕಿ ಸೈನಿಕರ ಮೈಗೆ ಬಂದದ್ದು 1857ರ ದಂಗೆಯ ಸುಮಾರಿಗೆ. ಆ ದಶಕದಲ್ಲೇ ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆ ಖಾಕಿಗೆ ಹೆಸರಾಗತೊಡಗಿತು. ಉಣ್ಣೆಯ ಕೋಟುಗಳು ಬೆವರಿದ ಊರಿನಲ್ಲೇ ಅದಕ್ಕೆ ಪರಿಹಾರವೂ ನೇಯಲ್ಪಟ್ಟಿತು.

ಮಳೆ ನಿಂತು ಬಿಸಿಲು ಬಂದರೆ ರೈತ ಕಂಬಳಿಯನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಪ್ಪಣೆಯಿಲ್ಲದೆ ಕೋಟಿನ ಗುಂಡಿ ಬಿಚ್ಚುವ ಸ್ವಾತಂತ್ರ್ಯ ಸಿಪಾಯಿಗಿರಲಿಲ್ಲ.