ಕೊಳ ಮುಚ್ಚುವ ಕಾಲ

ಅಮೆರಿಕದಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕ ದಿನದ ರಜೆ. ಅದು ಕಳೆದರೆ ಬೇಸಿಗೆ ಮುಗಿಯಿತೆಂದೇ ಲೆಕ್ಕ. ಹಿಮ ಬೀಳುವ ರಾಜ್ಯಗಳಲ್ಲಿ ಹಿತ್ತಲಲ್ಲಿ ಈಜುಕೊಳ ಇರುವವರಿಗೆ ಆಮೇಲಿನ ಕೆಲವು ವಾರಗಳಲ್ಲಿ ಒಂದು ಕೆಲಸ ಕಾದಿರುತ್ತದೆ. ಅದನ್ನು ಅಲ್ಲಿನವರು ‘ಕೊಳ ಮುಚ್ಚುವುದು’ ಎನ್ನುತ್ತಾರೆ.

ಮುಚ್ಚುವುದೆಂದರೆ ನೀರು ಖಾಲಿ ಮಾಡುವುದಲ್ಲ. ಖಾಲಿ ಮಾಡಿದರೆ ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಕೊಳದ ತೊಟ್ಟಿಯೇ ದೋಣಿಯಂತೆ ಮೇಲಕ್ಕೆದ್ದು ಬಿರುಕು ಬಿಡಬಹುದು. ಹಾಗಾಗಿ ಕೊಳದ ಅಂಚಿನಲ್ಲಿ ನೀರನ್ನು ಒಳಗೆಳೆದುಕೊಳ್ಳುವ ಬಾಯಿ ಇರುತ್ತದಲ್ಲ, ಅದಕ್ಕಿಂತ ತುಸು ಕೆಳಗಿನವರೆಗೆ ಮಾತ್ರ ನೀರು ಇಳಿಸುತ್ತಾರೆ. ನಿಜವಾದ ಭಯ ಇರುವುದು ಪೈಪುಗಳದ್ದು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ತೆರೆದ ಕೊಳದಲ್ಲಿ ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತ ಬರುತ್ತದೆ, ಹಿಗ್ಗಲು ಒಂದಿಷ್ಟು ಜಾಗವೂ ಸಿಗುತ್ತದೆ. ಪೈಪಿನೊಳಗೆ ಅದಕ್ಕೆ ದಾರಿ ಎಲ್ಲಿ? ಆದ್ದರಿಂದ ಪಂಪು, ಫಿಲ್ಟರುಗಳಲ್ಲಿನ ನೀರನ್ನೆಲ್ಲ ಬಸಿದು, ಪೈಪಿನ ಒಂದು ತುದಿಯಿಂದ ಜೋರಾಗಿ ಗಾಳಿ ಊದುತ್ತಾರೆ. ಇನ್ನೊಂದು ತುದಿಯಲ್ಲಿ, ಕೊಳದೊಳಗೆ, ಗುಳ್ಳೆಗಳು ಬುಳಬುಳನೆ ಏಳತೊಡಗಿದ ಕೂಡಲೇ ರಬ್ಬರ್ ಬಿರಡೆ ಜಡಿಯುತ್ತಾರೆ. ಕೆಲವರು ಪೈಪಿಗೆ ಪ್ರೊಪಿಲೀನ್ ಗ್ಲೈಕಾಲ್ ಹೊಯ್ಯುತ್ತಾರೆ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಇಲ್ಲಿ ಸಲ್ಲದು. ಕೊನೆಗೆ ಇಡೀ ಕೊಳಕ್ಕೆ ಹೊದಿಕೆ.

ಮನೆಯವರೇ ಮಾಡುವ ಈ ಕೆಲಸಕ್ಕೆ ದೀರ್ಘ ಇತಿಹಾಸವೇನಿಲ್ಲ. 1930ರ ದಶಕದಲ್ಲಿ ಅಮೆರಿಕದ ಸಾಮಾನ್ಯ ಕುಟುಂಬ ಈಜಲು ಹೋಗುತ್ತಿದ್ದುದು ಊರಿನ ಸಾರ್ವಜನಿಕ ಕೊಳಕ್ಕೆ. 1936ರ ಒಂದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರ 11 ಭಾರೀ ಕೊಳಗಳನ್ನು ತೆರೆದಿತ್ತು. ನೆಲದಲ್ಲಿ ತೋಡಿ ಕಟ್ಟಿದ ಸ್ವಂತ ಕೊಳವಿದ್ದ ಮನೆಗಳು 1950ರ ಹೊತ್ತಿಗೂ ಇಡೀ ದೇಶದಲ್ಲಿ ಕೆಲವೇ ಸಾವಿರ. ಶತಮಾನ ಮುಗಿಯುವಾಗ ಅವು ಸುಮಾರು 40 ಲಕ್ಷ.

ಈ ಏರಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣಗಳು ಸುಳ್ಳಲ್ಲ. ಯುದ್ಧಾನಂತರದ ಸಂಬಳ, ಗೃಹಸಾಲ, ಊರಾಚೆಯ ಬಡಾವಣೆಗಳು ಎಲ್ಲವೂ ಇದ್ದವು. ತಂತ್ರವೂ ಸಿಕ್ಕಿತ್ತು. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಟ್ಟು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ ಎಂಬಾತ 20ನೇ ಶತಮಾನದ ಆರಂಭದಲ್ಲೇ ಸಿಮೆಂಟನ್ನು ಕೊಳವೆಯಿಂದ ಚಿಮ್ಮಿಸುವ ಯಂತ್ರ ಮಾಡಿದ್ದ. ಅದರಿಂದ ಹಲಗೆಯ ಅಚ್ಚಿನ ಗೊಡವೆಯಿಲ್ಲದೆ ಯಾವ ಆಕಾರದ ತೊಟ್ಟಿಯನ್ನಾದರೂ ಕಟ್ಟಬಹುದಾಯಿತು. ಆದರೆ ಕೈಯಲ್ಲಿ ದುಡ್ಡಿದ್ದ ಮಾತ್ರಕ್ಕೆ ಜನ ಊರ ಕೊಳವನ್ನೇಕೆ ಬಿಡಬೇಕು? ಇದಕ್ಕೆ ಉತ್ತರ ಸೇಂಟ್ ಲೂಯಿಸ್ ನಗರದಲ್ಲಿದೆ.

ಅಲ್ಲಿನ ಫೇರ್‌ಗ್ರೌಂಡ್ ಪಾರ್ಕಿನ ಕೊಳ ಸಾವಿರಾರು ಜನ ಒಟ್ಟಿಗೆ ಇಳಿಯುವಷ್ಟು ದೊಡ್ಡದು. ಆದರೆ ಬಿಳಿಯರಿಗೆ ಮಾತ್ರ. 1949ರ ಜೂನ್ 21ರಂದು ಮೊದಲ ಸಲ ಕಪ್ಪು ಮಕ್ಕಳನ್ನೂ ಒಳಗೆ ಬಿಟ್ಟರು. ಬೇಲಿಯಾಚೆ ಬಿಳಿಯರ ಗುಂಪು ಸೇರಿತು, ಮಕ್ಕಳು ಪೊಲೀಸರ ಕಾವಲಿನಲ್ಲಿ ಹೊರಬರಬೇಕಾಯಿತು. ಸಂಜೆಯ ಹೊತ್ತಿಗೆ ಸಾವಿರಾರು ಜನ ನೆರೆದು, ಕಣ್ಣಿಗೆ ಬಿದ್ದ ಕಪ್ಪು ಜನರನ್ನು ಹೊಡೆದರು. ಮೇಯರ್ ಆದೇಶ ಹಿಂತೆಗೆದುಕೊಂಡ. ಮರುವರ್ಷ ನ್ಯಾಯಾಲಯ ಕೊಳವನ್ನು ಎಲ್ಲರಿಗೂ ತೆರೆಯಿಸಿತು. ಆಗ ಬಿಳಿಯರು ಗಲಾಟೆ ಮಾಡಲಿಲ್ಲ, ಬರುವುದನ್ನೇ ಬಿಟ್ಟರು. ಬೇಸಿಗೆಗೆ 3 ಲಕ್ಷ ದಾಟುತ್ತಿದ್ದ ಈಜುಗಾರರ ಲೆಕ್ಕ ಸುಮಾರು 10,000ಕ್ಕೆ ಕುಸಿಯಿತು. ಕೆಲವೇ ವರ್ಷಗಳಲ್ಲಿ ನಗರಾಡಳಿತ ಕೊಳವನ್ನು ಮುಚ್ಚಿತು. ಈ ಮುಚ್ಚುವಿಕೆ ಚಳಿಗಾಲಕ್ಕಷ್ಟೇ ಆಗಿರಲಿಲ್ಲ.

ಚಳಿಯೇ ಅಷ್ಟಿಲ್ಲದ ಮಿಸಿಸಿಪಿಯ ಜಾಕ್ಸನ್ ನಗರವೂ ಹಾಗೆಯೇ ಮಾಡಿತು: ಕಪ್ಪು ಜನರನ್ನು ಸೇರಿಸಿಕೊಳ್ಳುವ ಬದಲು ತನ್ನ ಕೊಳಗಳನ್ನೇ ಮುಚ್ಚಿತು. 1971ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದನ್ನು ಒಪ್ಪಿತು. ಎಲ್ಲರಿಗೂ ಮುಚ್ಚಿದರೆ ಅದು ಭೇದಭಾವವಲ್ಲ ಎಂಬುದು ವಾದ. ಹಿತ್ತಲಲ್ಲಿ ಕೊಳ ತೋಡಿಸಿಕೊಂಡವರಿಗೆ ಈ ವಾದದಿಂದ ಏನೂ ನಷ್ಟವಿರಲಿಲ್ಲ. ಹಿತ್ತಲಿರುವ ಬಡಾವಣೆಗಳಲ್ಲಿ ಮನೆ ಕೊಳ್ಳಲು ಕಪ್ಪು ಕುಟುಂಬಗಳಿಗೆ ದಶಕಗಳ ಕಾಲ ಸರ್ಕಾರಿ ಖಾತರಿಯ ಸಾಲವೇ ಸಿಗುತ್ತಿರಲಿಲ್ಲ.

ಕೊಳವಿಲ್ಲದ ಕಡೆ ಈಜು ಕಲಿಯುವುದೆಲ್ಲಿ? ಈಜು ಬಾರದ ತಂದೆತಾಯಿಯ ಮಕ್ಕಳೂ ಹೆಚ್ಚಾಗಿ ಕಲಿಯದೇ ಉಳಿದರು. ಇಂದಿಗೂ ಅಮೆರಿಕದಲ್ಲಿ 10ರಿಂದ 14 ವರ್ಷದ ಕಪ್ಪು ಮಕ್ಕಳು ಈಜುಕೊಳಗಳಲ್ಲಿ ಮುಳುಗಿ ಸಾಯುವ ಪ್ರಮಾಣ ಅದೇ ವಯಸ್ಸಿನ ಬಿಳಿಯ ಮಕ್ಕಳಿಗಿಂತ 7 ಪಟ್ಟಿಗೂ ಹೆಚ್ಚು.