ತುವರಕದ ಎಣ್ಣೆ

ಪಶ್ಚಿಮ ಸಮುದ್ರತೀರದಲ್ಲಿ ಬೆಳೆಯುವ ತುವರಕವೆಂಬ ಮರದ ಬೀಜದೆಣ್ಣೆಯನ್ನು ಸುಶ್ರುತಸಂಹಿತೆ ಕುಷ್ಠಕ್ಕೆ ಮದ್ದಾಗಿ ಹೇಳುತ್ತದೆ. ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ಇಂದಿಗೂ ಕಾಣಸಿಗುವ ಹಿಡ್ನೊಕಾರ್ಪಸ್ ಕುಲದ ಮರವೇ ಅದೆಂದು ವಿದ್ವಾಂಸರು ಗುರುತಿಸುತ್ತಾರೆ. ಬರ್ಮಾ ಕಡೆಯ ಇದೇ ಕುಲದ ಇನ್ನೊಂದು ಮರದ ಎಣ್ಣೆ ಚಾಲ್‌ಮೂಗ್ರಾ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿದ್ದು, ಅದನ್ನು 1854ರಲ್ಲಿ ಕಲ್ಕತ್ತೆಯ ವೈದ್ಯ ಫ್ರೆಡರಿಕ್ ಮೊವಾಟ್ ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದರು.

ಆದರೆ ಈ ಎಣ್ಣೆಯನ್ನು ಕುಡಿದರೆ ವಾಕರಿಕೆ ಬರುತ್ತಿತ್ತು; ಸೂಜಿಯಿಂದ ಚುಚ್ಚಿದರೆ ಮಂದವಾದ ದ್ರವ ಮೈಯಲ್ಲಿ ಹರಡದೆ ಚರ್ಮದಡಿ ಗಂಟುಗಟ್ಟಿ ನೋಯಿಸುತ್ತಿತ್ತು. ಲಂಡನ್ನಿನಲ್ಲಿ ಫ್ರೆಡರಿಕ್ ಪವರ್ 1904ರಲ್ಲಿ ಇದರಿಂದ ಬೇರ್ಪಡಿಸಿದ ಚಾಲ್‌ಮೂಗ್ರಿಕ್ ಆಮ್ಲವು ಸಾಮಾನ್ಯ ಕೊಬ್ಬಿನಾಮ್ಲಗಳಂತಲ್ಲ; ಅದರ ಉದ್ದನೆಯ ಇಂಗಾಲದ ಸರಪಳಿಯ ತುದಿಯಲ್ಲಿ ಐದು ಇಂಗಾಲಗಳ ಉಂಗುರವೊಂದಿದೆ. ಹವಾಯಿಯಲ್ಲಿದ್ದ ಕಪ್ಪು ಜನಾಂಗದ ತರುಣ ರಸಾಯನಶಾಸ್ತ್ರಜ್ಞೆ ಆಲಿಸ್ ಬಾಲ್ 1915ರ ಸುಮಾರಿಗೆ ಈ ಆಮ್ಲಗಳನ್ನು ಈಥೈಲ್ ಎಸ್ಟರ್‌ಗಳಾಗಿ, ಅಂದರೆ ಆಲ್ಕೊಹಾಲಿನೊಡನೆ ಕೂಡಿಸಿದ ತೆಳು ದ್ರವಗಳಾಗಿ ಪರಿವರ್ತಿಸಿ, ಚುಚ್ಚುಮದ್ದಿಗೆ ಒಗ್ಗಿಸಿದರು. 1916ರ ಕೊನೆಯ ದಿನ, 24ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಮುಂದುವರಿಸಿದ ಆರ್ಥರ್ ಡೀನ್ ಅದನ್ನು ಪ್ರಕಟಿಸಿದಾಗ ಬಾಲ್ ಹೆಸರನ್ನು ಬಿಟ್ಟರು. ಇದು ಕೇವಲ ಮರೆವೆಂದು ಒಪ್ಪುವುದು ಕಷ್ಟ.

ಎಣ್ಣೆಯ ಬೇಡಿಕೆ ಏರಿದಂತೆ, ಚಾಲ್‌ಮೂಗ್ರಾ ಬೀಜದ ನಿಜವಾದ ಮೂಲವನ್ನರಸಿ ಸಸ್ಯಶಾಸ್ತ್ರಜ್ಞ ಜೋಸೆಫ್ ರಾಕ್ 1920ರಲ್ಲಿ ಬರ್ಮಾದ ಕಾಡುಗಳಿಗೆ ಹೋದರು. ಎಸ್ಟರ್‌ಗಳಿಂದ ಕೆಲವರಿಗೆ ಗುಣ ಕಂಡರೂ ರೋಗ ಮರುಕಳಿಸುವುದೂ ಇತ್ತು. 1940ರ ದಶಕದಲ್ಲಿ ಡ್ಯಾಪ್ಸೋನ್ ಮುಂತಾದ ಸಲ್ಫೋನ್ ಔಷಧಗಳು ಬಂದು ಈ ಎಣ್ಣೆಯ ಚಿಕಿತ್ಸೆಯನ್ನು ಬದಿಗೆ ಸರಿಸಿದವು.